ಕಿಯೋಬಾಯಿಯ ಸಕ್ಕರೆ ಗೊಂಬೆಗಳು

ಬೆಟಗೇರಿಯಲ್ಲಿ ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆ ಎಂದರೆ ಹಸೀನಾಬಿ, ಹಸೀನಾಬಿ ಎಂದರೆ ನಾನು. ಬಡಾಯಿ ಅಲ್ಲ, ಯಾರನ್ನಾದರೂ ಕೇಳಿ. ಆನೆ, ಕುದುರೆ, ನವಿಲು, ಬಸವಣ್ಣ, ಎಲ್ಲದರ ಅಚ್ಚೂ ನನ್ನ ಬಳಿ ಇದೆ. ಆದರೆ ಜಪಾನಿನ ರಾಜ-ರಾಣಿ ಬೇಕೆಂದು ಬಂದವಳು ಕಿಯೋಬಾಯಿ ಒಬ್ಬಳೇ.

ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಅವರು ಜಪಾನಿನವರು. ಆಕೆಯ ಗಂಡ ಗದಗಿನ ಒಂದು ಗಿರಣಿಗೆ ನೂಲಿನ ಯಂತ್ರ ಕೂಡಿಸಲು ಬಂದವನು. ಕಿಯೋಬಾಯಿ ಸಂತೆಯಲ್ಲಿ ನಿಂತು ನಿಂತೇ ನಮ್ಮ ಮಾತು ಕಲಿತಿದ್ದಳು. ಪುಟ್ಟ ಮಗಳು ಫುಮಿಗೆ ಮಾತ್ರ ಗೆಳತಿಯರಿರಲಿಲ್ಲ. ಓಣಿಯ ಹುಡುಗಿಯರು ದೂರ ನಿಂತು ನೋಡಿ ನಗುತ್ತಿದ್ದರು. ಒಂದು ದಿನ ಕಿಯೋಬಾಯಿ ನನ್ನ ಬಳಿ ಬಂದಳು.

"ಚಾಚಿ, ನಮ್ಮ ದೇಶದಾಗ ಮಾರ್ಚಿನಾಗ ಹುಡುಗ್ಯಾರ ಹಬ್ಬ ಬರತೈತಿ. ಮೆಟ್ಟಲ ಮ್ಯಾಲ ರಾಜಾ-ರಾಣಿ ಗೊಂಬಿ ಕೂಡಸ್ತೀವಿ. ನಮ್ಮವ್ವನ ಗೊಂಬಿ ಯುದ್ಧದಾಗ ಮನಿ ಜೋಡಿ ಸುಟ್ಟು ಹೋದವು. ನೀವು ಮಾಡಿ ಕೊಡ್ರಿ. ಓಣಿ ಹುಡುಗ್ಯಾರನ್ನೆಲ್ಲಾ ಕರೀತೀನಿ. ಆಮ್ಯಾಲ ಪೆಟ್ಟಿಗ್ಯಾಗ ಇಟ್ಟು ಫುಮಿ ಮದುವಿತನಾ ಕಾಯ್ತೀನಿ."

"ಸಕ್ಕರಿ ಗೊಂಬಿ ಕಾಯೂದು ಅಂದ್ರೇನ್ರಿ ಬಾಯಾರ? ಅದು ತಿನ್ನಾಕ ಇರೂದು!"

"ಇವು ತಿನ್ನಾಕಲ್ಲ," ಎಂದಳು. ಎಷ್ಟು ಹೇಳಿದರೂ ಅದೇ ಮಾತು. ಇಂಥ ಹಟಮಾರಿಗಳನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಪ್ರೀತಿಯೂ ಬರುತ್ತದೆ.

ಆಕೆ ಬಿಡಿಸಿದ ಚಿತ್ರ ನೋಡಿ ಬಡಿಗ ಪುಂಡಲೀಕಪ್ಪ ಸಾಗವಾನಿಯಲ್ಲಿ ಅಚ್ಚು ಕೆತ್ತಿದ. ನಾನು ಅದನ್ನು ನೀರಲ್ಲಿ ನೆನೆಸಿ, ಎರಡು ಹೋಳು ಜೋಡಿಸಿ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಪಾಕ ಹೊಯ್ದೆ. ಬಿಚ್ಚಿದರೆ, ಅಬ್ಬಬ್ಬಾ! ರಾಣಿಯ ನಿಲುವಂಗಿಯ ಒಂದೊಂದು ನೆರಿಗೆಯೂ ಎದ್ದು ಕಾಣುತ್ತಿತ್ತು. ನನ್ನ ಕೈಗೆ ನಾನೇ ಶಾಭಾಸ್ ಅಂದೆ.

ಹಬ್ಬದ ಸಂಜೆ ಕೆಂಪು ಬಟ್ಟೆ ಹಾಸಿದ ಮೆಟ್ಟಿಲ ಮೇಲೆ ಗೊಂಬೆಗಳು ಕುಳಿತವು. ಹುಡುಗಿಯರು ಬರುತ್ತಾರೋ ಇಲ್ಲವೋ ಎಂದು ಕಿಯೋಬಾಯಿ ಒಳಗೂ ಹೊರಗೂ ಅಡ್ಡಾಡಿದಳು. ಬರದೆ ಏನು? ಸಕ್ಕರೆ ಗೊಂಬೆಯ ಖಬರು ಓಣಿಯಲ್ಲೆಲ್ಲ ಹಬ್ಬಿತ್ತಲ್ಲ! ಹಬ್ಬದ ಲಂಗ ಉಟ್ಟು, ತಟ್ಟೆಯಲ್ಲಿ ದೀಪ ಹಚ್ಚಿಕೊಂಡು ಹಾಡುತ್ತ ಬಂದರು. ಹುಣ್ಣಿಮೆ ಯಾವಾಗಲೋ ಮುಗಿದಿದ್ದರೂ ಜಪಾನಿನ ರಾಜ-ರಾಣಿಗೆ ನಮ್ಮ ಗೌರಿಯ ಆರತಿಯೇ ಆಯಿತು. ಫುಮಿಯೂ ಅವರ ನಡುವೆ ನಿಂತು ತಟ್ಟೆ ಹಿಡಿದಳು.

ಆಮೇಲೆ ಎಲ್ಲರೂ ಸಾಲಾಗಿ ಕುಳಿತು ಅಂಗೈ ಒಡ್ಡಿದರು. ಆರತಿ ಬೆಳಗಿದವರಿಗೆ ಗೊಂಬೆ ಮುರಿದು ಹಂಚುವುದು ನಮ್ಮ ಪದ್ಧತಿ. ಕಿಯೋಬಾಯಿ ತಾನು ಮಾಡಿದ್ದ ಅಕ್ಕಿಯ ಉಂಡೆ ಕೊಟ್ಟಳು. ತಿಂದರು, ಮತ್ತೆ ಅಂಗೈ ಒಡ್ಡಿದರು. ಗೊಂಬೆ ಕೇಳುತ್ತಿದ್ದಾರೆಂದು ತಿಳಿದದ್ದೇ ಆಕೆ ಗಾಬರಿಯಾಗಿ ರಾಣಿಯನ್ನು ಎದೆಗೊತ್ತಿಕೊಂಡಳು. ಹುಡುಗಿಯರ ಮುಖ ಬಾಡಿತು. ಒಬ್ಬೊಬ್ಬರೇ ತಟ್ಟೆ ಎತ್ತಿಕೊಂಡು ಬಾಗಿಲಿನತ್ತ ನಡೆದರು. ಫುಮಿಯ ಕಣ್ಣು ತುಂಬಿ ಬಂತು.

ನನಗೆ ತಡೆಯಲಾಗಲಿಲ್ಲ. "ತಂಗಿ, ಮಳಿಗಾಲಕ್ಕ ಸಕ್ಕರಿ ನೀರಾಗತೈತಿ. ಉಳಿದದ್ದು ಇರವಿ ಪಾಲು. ನಿಮ್ಮವ್ವನ ಗೊಂಬಿ ಹೊಳ್ಳಿ ತರಾಕ ನನ್ನ ಕೈಲೆ ಆಗೂದಿಲ್ಲ. ಆದ್ರ ಈ ಹುಡುಗ್ಯಾರು ಬರೀಗೈಲೆ ಹ್ವಾದ್ರ ನಿನ್ನ ಮಗಳ ಕಡಿ ಮತ್ತ ಹೊಳ್ಳಿ ನೋಡೂದಿಲ್ಲ. ನಿನಗ ಯಾವುದು ಬೇಕು? ಜಲ್ದಿ ಹೇಳು."

ಕಿಯೋಬಾಯಿ ಗೊಂಬೆಯನ್ನು ನೋಡಿದಳು, ಮಗಳನ್ನು ನೋಡಿದಳು. ಚಟಕ್ಕನೆ ರಾಣಿಯ ತಲೆ ಮುರಿದು ಫುಮಿಯ ಕೈಗಿಟ್ಟಳು. ಫುಮಿ ಬಾಗಿಲಿಗೆ ಓಡಿ, ಹೊಸ್ತಿಲು ದಾಟುತ್ತಿದ್ದ ಹುಡುಗಿಯ ಬಾಯಿಗೆ ಅದನ್ನು ತುರುಕಿದಳು. ಹೋ ಎಂದು ಎಲ್ಲರೂ ತಿರುಗಿ ಬಂದು ಫುಮಿಯನ್ನು ಮುತ್ತಿಕೊಂಡರು.

ಕಿಯೋಬಾಯಿ ಕೆಳಗೆ ಬಿದ್ದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಚೀಪುತ್ತ ಅಳತೊಡಗಿದಳು. ನಾನು ಆಕೆಯ ಬೆನ್ನ ಮೇಲೆ ಕೈಯಿಟ್ಟೆ.

"ನಮ್ಮವ್ವ ಒಮ್ಮೀನೂ ಗೊಂಬಿ ಮುಟ್ಟಾಕ ಕೊಡಲಿಲ್ಲ ಚಾಚಿ," ಅಂದಳು. "ನಾ ಮುಟ್ಟೂಕಿಂತ ಮೊದಲ ಸುಟ್ಟು ಹೋದವು."