ಅಂತ್ಯಸಂಸ್ಕಾರದ ಪಾಠ

ಮೇಷ್ಟ್ರು ತೀರಿಕೊಂಡು ಎರಡು ದಿನವಾಗಿತ್ತು. ನನಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿದೆ, ಗಡ್ಡ ಬೋಳಿಸಿದೆ, ಷೂಗೆ ಪಾಲಿಶ್ ಹಾಕಿದೆ. ಹೆಂಡತಿ ನನ್ನನ್ನೇ ನೋಡುತ್ತ, "ಏನ್ರೀ, ಕಲ್ಲಾಗಿಬಿಟ್ರಾ?" ಎಂದಳು. ಇದ್ದರೂ ಇರಬಹುದು ಅನ್ನಿಸಿತು.

ಧರ್ಮಬೋಧಕರನ್ನು ತಯಾರು ಮಾಡುವ ನಮ್ಮ ಶಾಲೆಯಲ್ಲಿ ಅವರು ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದರು. ಅಲ್ಲಿನ ಪ್ರಾಂಶುಪಾಲರು ಫೋನ್ ಮಾಡಿ, "ಕೊನೇ ಮಾತು ನೀವೇ ಆಡ್ಬೇಕು. ಅವರ ಕೈಯಲ್ಲಿ ಪಳಗಿದವರು ನೀವು" ಎಂದರು. ಏನೂ ಅನ್ನಿಸದವನು ಸುಳ್ಳಿಲ್ಲದೆ ಏನು ಮಾತಾಡಲಿ? ನನಗಿದ್ದ ಚಿಂತೆ ಅದೊಂದೇ. ಆದರೂ ಕೂತು ಎರಡು ಹಾಳೆ ತುಂಬಿಸಿದೆ. ಬೋಧಕನಾಗಿ ಇಪ್ಪತ್ತು ವರ್ಷ ಸತ್ತವರನ್ನು ಹೊಗಳಿ ಹೊಗಳಿ ನನ್ನ ಕೈ ತಾನಾಗಿಯೇ ಓಡುತ್ತದೆ.

ಪ್ರಾರ್ಥನಾಮಂದಿರದ ನಡುವೆ ಮೇಷ್ಟ್ರನ್ನು ಮಲಗಿಸಿದ್ದರು. ಮುಂದಿನ ಬೆಂಚಿನಲ್ಲಿ ಅವರ ಹೆಂಡತಿ, ನಮಗೆಲ್ಲ ಅಮ್ಮ. ಹಿಂದೆ ಹಳೆಯ ವಿದ್ಯಾರ್ಥಿಗಳು, ಈಗ ಎಲ್ಲರೂ ತಲೆ ನರೆತ ಬೋಧಕರು. ನಾನು ಎದ್ದು ನಿಂತು ಓದಿದೆ: "ನಮ್ಮ ಮೇಷ್ಟ್ರು ತಾಳ್ಮೆಯ ಸಾಕಾರಮೂರ್ತಿ."

ಅಷ್ಟು ಓದಿ ಸುಮ್ಮನೆ ನಿಂತುಬಿಟ್ಟೆ. ಕೂತಿದ್ದವರೂ ಉಸಿರು ಬಿಗಿಹಿಡಿದರು.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಅಂತ್ಯಸಂಸ್ಕಾರದ ಪಾಠ ಬಂದ ದಿನ ಮೇಷ್ಟ್ರು ಕನ್ನಡಕ ತೆಗೆದಿಟ್ಟು, ತಾವೇ ಹೆಣವಾಗಿ ಮೇಜಿನ ಮೇಲೆ ಮಲಗುತ್ತಿದ್ದರು. ನಾವು ಒಬ್ಬೊಬ್ಬರಾಗಿ ಪಕ್ಕದಲ್ಲಿ ನಿಂತು ಮಾತಾಡಬೇಕು. ಬಾಯಿಂದ ಸುಳ್ಳು ಹೊರಟಿತೋ, ಹೆಣ ಧಡಕ್ಕನೆ ಎದ್ದು ಕೂರುತ್ತಿತ್ತು. "ಯಾರಯ್ಯಾ ಅದು, ನೀನು ಹೇಳ್ತಿರೋದು? ನಾನಂತೂ ಅಲ್ಲ. ಮೊದಲಿಂದ ಹೇಳು." ಮೊದಲ ವಾಕ್ಯ ಮುಗಿಸಿ ಕಾಯುವುದು ಅಂದಿನಿಂದ ನಮಗೆಲ್ಲ ಅಂಟಿದ ಚಾಳಿ.

ಈಗಲೂ ಕಾದೆವು. ಅಷ್ಟೂ ಜನ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು.

ಅಮ್ಮ ಮೆಲ್ಲಗೆ ಹೇಳಿದರು: "ಮುಂದೆ ಹೇಳಪ್ಪ. ಅವರು ಏಳಲ್ಲ."

ನಾನು ಹಾಳೆ ಮಡಚಿದೆ. "ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ" ಎಂದೆ. ಹಿಂದೆ ಯಾರೋ ನಕ್ಕರು. ಆ ನಗು ಅರ್ಧಕ್ಕೇ ಬಿಕ್ಕಾಯಿತು. ಇನ್ನೊಂದು ನಿಜ ಹುಡುಕಿದೆ. ನೂರು ಇದ್ದವು, ಒಂದೂ ನಾಲಿಗೆಗೆ ಬರಲಿಲ್ಲ. ಹಾಳೆಯಲ್ಲಿದ್ದದ್ದು ಮಾತ್ರ ಬಾಯಿಗೆ ಸಲೀಸಾಗಿ ಬರುತ್ತಿತ್ತು. ಮಡಚಿದ ಹಾಳೆಯನ್ನೇ ಬಿಡಿಸಿಕೊಂಡು ಮುಂದೆ ಓದಿದೆ, ಕೊನೆಯ ಸಾಲಿನವರೆಗೂ. ಯಾರೂ ತಡೆಯಲಿಲ್ಲ. ಇನ್ನು ಮೇಲೆ ನಾನು ಏನು ಹೇಳಿದರೂ ನಡೆಯುತ್ತದೆ ಎಂದು ಗೊತ್ತಾದಾಗ ನನಗೆ ಹೆದರಿಕೆಯಾಯಿತು.