ಅಕ್ಕನ ಮಾತಿನ ಪರದೆ

ಮನೆಯವರೆಲ್ಲ ಅಕ್ಕನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಬಾಯಿಗೆ ಬಿಡುವೇ ಇಲ್ಲದ ಹೆಂಗಸು. ಅಂಥವಳಿಗೆ ನರಗಳ ಕಾಯಿಲೆ ಬಂದು ಮೊದಲು ನಾಲಿಗೆಯೇ ಬಿದ್ದುಹೋಯಿತು. ಆಮೇಲೆ ಕಾಲುಗಳು, ಎಡಗೈ. ಕೊನೆಗೆ ಬಲಗೈಯ ತೋರುಬೆರಳೊಂದೇ ಅವಳ ಮಾತು ಕೇಳುತ್ತಿತ್ತು.

ತಂಗಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಬಟ್ಟೆ ಒಗೆಯುವ ಯಂತ್ರಗಳ ಪುಟ್ಟ ಪರದೆಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು. ಕಾರ್ಖಾನೆಯಲ್ಲಿ ಮೂಲೆ ಸೇರಿದ್ದ ಹಳೆಯ ಟಚ್‌ಸ್ಕ್ರೀನೊಂದನ್ನು ಕೇಳಿ ತಂದು, ಅಕ್ಕನ ಮಂಚಕ್ಕೆ ಬಿಗಿದು, ಅದರ ತುಂಬ ಬಟನ್ನುಗಳನ್ನು ಜೋಡಿಸಿದಳು. ನೀರು, ನೋವು, ದಿಂಬು, ಕಿಟಕಿ, ಸೆಖೆ. ಒತ್ತಿದರೆ ತಂಗಿಯ ಧ್ವನಿಯಲ್ಲಿ ಆ ಮಾತು ಕೇಳಬೇಕು.

ಮೊದಲ ದಿನವೇ ಎಡವಟ್ಟಾಯಿತು. ಅಕ್ಕ 'ನೀರು' ಒತ್ತಿದಳು. ಪರದೆ ಕಲ್ಲಿನಂತೆ ಕೂತುಬಿಟ್ಟಿತು. ಕೇಳಿಸಲಿಲ್ಲವೇನೋ ಎಂದು ಮತ್ತೆ ಮತ್ತೆ ಒತ್ತಿದಳು. ಸ್ವಲ್ಪ ಹೊತ್ತಾದ ಮೇಲೆ ಯಂತ್ರ "ನೀರು, ನೀರು, ನೀರು" ಎಂದು ಬಡಬಡಿಸತೊಡಗಿತು. ಭಾವ ಲೋಟ ಹಿಡಿದು ಓಡಿಬಂದರೂ ನಿಲ್ಲಲಿಲ್ಲ. ಅಕ್ಕನ ಕಣ್ಣು ತುಂಬಿತು. ನಗುವೋ ಅಳುವೋ ತಿಳಿಯಲಿಲ್ಲ.

ಕಾರ್ಖಾನೆಯಲ್ಲಿ ಎಲ್ಲರೂ ಅಜ್ಜ ಎನ್ನುತ್ತಿದ್ದ ಹಿರಿಯ ಪ್ರೋಗ್ರಾಮರ್ ಕೇಳಿ ತಲೆಯಾಡಿಸಿದ.

"ಬಟನ್ ಒತ್ತಿದ ಜಾಗದಲ್ಲೇ ಧ್ವನಿ ಫೈಲ್ ಓದ್ತಾ ಕೂತ್ರೆ ಇನ್ನೇನಾಗುತ್ತೆ? ಪರದೆ ನೋಡ್ಕೊಳ್ಳೋನಿಗೆ ಬೇರೆ ಕೆಲಸ ಹೇಳ್ಬೇಡಮ್ಮ. ಭಾರದ ಕೆಲಸ ಇನ್ನೊಂದು ಥ್ರೆಡ್‌ಗೆ, ಅಂದ್ರೆ ಜೊತೆಜೊತೆಗೇ ಓಡೋ ಇನ್ನೊಬ್ಬ ಕೆಲಸದವನಿಗೆ ಕೊಡು. ಅದು ಪರದೆ ಮುಟ್ಟಬಾರ್ದು, ಮುಗೀತು ಅಂತ ಸಂದೇಶ ಕಳಿಸಿದ್ರೆ ಸಾಕು. ಒತ್ತಿದ ತಕ್ಷಣ ಬಟನ್ ಬಣ್ಣ ಬದಲಾಗ್ಲಿ. ಕೇಳಿಸ್ಕೊಂಡಿದೆ ಅಂತ ಅವ್ರಿಗೆ ಗೊತ್ತಾಗ್ಬೇಕಲ್ಲ, ಪಾಪ."

ಹಾಗೇ ಮಾಡಿದಳು. ಅಕ್ಕ ದಿನವಿಡೀ ಭಾವನನ್ನು ಗಿರಗಿರನೆ ತಿರುಗಿಸಿದಳು. ಮನೆಗೆ ಮತ್ತೆ ಜೀವ ಬಂದಂತಾಯಿತು.

ಆದರೆ ಬೆರಳು ನಡುಗತೊಡಗಿತು. ಒಂದು ಸಲ ಒತ್ತಿದ್ದು ಎರಡಾಗುತ್ತಿತ್ತು. ಬೆನ್ನಲ್ಲೇ ಬಂದ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದಂತೆ ತಂಗಿ ತಿದ್ದಿದಳು. ಆಮೇಲೆ ಬೆರಳು ಪಕ್ಕದ ಬಟನ್ನಿಗೆ ಜಾರತೊಡಗಿತು. ಬಟನ್ನುಗಳನ್ನು ದೊಡ್ಡದು ಮಾಡಿದಳು. ಪರದೆಯಂತೂ ಹಿಗ್ಗುವುದಿಲ್ಲ, ಒಂದು ಮಾತು ದೊಡ್ಡದಾದರೆ ಇನ್ನೊಂದನ್ನು ಕಿತ್ತುಹಾಕಬೇಕು. ಕೊನೆಗೆ ಉಳಿದದ್ದು ನೀರು, ನೋವು, ಮತ್ತೆ ಭಾವನಿಗೆಂದೇ ಅಕ್ಕ ಹಟ ಹಿಡಿದು ಹಾಕಿಸಿಕೊಂಡ 'ಸಾಕು, ಸುಮ್ನಿರು'.

"ಇನ್ನೂ ಒಂದು ತೆಗೀಬೇಕಕ್ಕ. ಯಾವ್ದು?"

ಅಕ್ಕ 'ನೋವು' ಎಂಬುದನ್ನೇ ದಿಟ್ಟಿಸಿದಳು.

"ಅಯ್ಯೋ, ಅದು ಬೇಡ್ವಾ? ನೋವಾದ್ರೆ ಹೇಗೆ ಹೇಳ್ತೀಯ?"

ಬೆರಳು ಮೆಲ್ಲಗೆ ತೆವಳಿತು. "ಸಾಕು, ಸುಮ್ನಿರು" ಎಂದಿತು ಯಂತ್ರ.

ಒಂದು ಬೆಳಿಗ್ಗೆ ಭಾವ ಕರೆದರು. "ಸ್ವಲ್ಪ ಬಂದು ನೋಡಮ್ಮ. ಕೆಟ್ಟಿರ್ಬೇಕು, ಏನೂ ಹೇಳ್ತಿಲ್ಲ."

ಅವಳು ಬಂದು ತಾನೇ ಒತ್ತಿದಳು. ತಕ್ಷಣ ಬಣ್ಣ ಬದಲಾಯಿತು, ಧ್ವನಿ ಸ್ಪಷ್ಟವಾಗಿ ಬಂತು. ಆದರೂ ಪ್ರೋಗ್ರಾಂ ತೆರೆದು ಸಾಲು ಸಾಲಾಗಿ ಹುಡುಕಿದಳು. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಕೆಟ್ಟಿಲ್ಲ ಭಾವ."

"ಹಾಗಾದ್ರೆ?"

ಅವಳು ಅಕ್ಕನ ತೋರುಬೆರಳನ್ನು ಎತ್ತಿ ಬಿಟ್ಟಳು, ಅದು ಹಾಗೇ ಹಾಸಿಗೆಗೆ ಬಿತ್ತು. ಅಕ್ಕ ಏನೋ ಬೇಕೆಂಬಂತೆ ಅವಳನ್ನೇ ನೋಡುತ್ತಿದ್ದಳು. ತಂಗಿ ಹೊದಿಕೆ ಸರಿಪಡಿಸಿದಳು. ದೀಪ ಆರಿಸಿದಳು, ಮತ್ತೆ ಹಾಕಿದಳು. ನೋಟ ಕದಲಲಿಲ್ಲ. ಇನ್ನೇನು ಬೇಕಿರಬಹುದೆಂದು ತಂಗಿಗೆ ತೋಚಲಿಲ್ಲ.