ಹೊಳೆ ದಾಟದ ಎತ್ತು

ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ ಒಬ್ಬಳು ಹುಡುಗಿ ಇದ್ದಳಂತೆ, ಅವಳಿಗೊಂದು ಬಿಳಿ ಎತ್ತಿತ್ತಂತೆ, ಗಂಡನ ಮನೆಗೆ ಹೊರಟವಳ ಹಿಂದೆ ಹಿಂದೆಯೇ ಬಂದ ಎತ್ತು ನೀರು ಕಂಡದ್ದೇ ಮುಂಗಾಲು ಮೇಲೆತ್ತಿತಂತೆ, ಎತ್ತಿದ್ದು ಕೆಳಗಿಡಲಿಲ್ಲವಂತೆ — ತೂತು ಕೊರೆಯುವ ಬೈರಿಗೆಯ ಮೊನೆ ಹಲಗೆಯ ಮೇಲೆ ಜಾರಿ ಬೆರಳಿಗೆ ತಾಕುತ್ತದೆ, ನಾಗಶ್ರೀ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಾಳೆ, ಹಲಸಿನ ಪುಡಿ, ಉಪ್ಪು, ರಕ್ತ, ಜಾರಬಾರದು, ಇನ್ನೊಮ್ಮೆ ಜಾರಬಾರದು, ಮೂರೂಕಾಲಾಗಿದೆ, ನಾಲ್ಕಕ್ಕೆ ಮಂಡ್ಯದಿಂದ ಶಿವರಾಜು ಚಿಕ್ಕಪ್ಪನ ಕಾರು ಬರುತ್ತದೆ, ಅಜ್ಜಿಯನ್ನು ಕೂರಿಸಿಕೊಂಡು ಹೋಗುತ್ತದೆ, ಅಲ್ಲಿ ದಿನಾ ಕೈಕಾಲಿಗೆ ಕಸರತ್ತು ಮಾಡಿಸುತ್ತಾರಂತೆ, ಮಾಡಿಸಲಿ, ಆದರೆ ಅಷ್ಟರೊಳಗೆ ಈ ಎತ್ತು ಕಾಲು ಕೆಳಗಿಡಬೇಕು. ಈ ಎತ್ತು, ಗೇಣುದ್ದದ್ದು, ಅವಳೇ ಕೆತ್ತಿ ಬಿಳಿ ಬಳಿದದ್ದು, ಹಲಸಿನ ಪೆಟ್ಟಿಗೆಯ ಮೇಲೆ ನೀಲಿ ಬಳಿದ ಹೊಳೆಯಂಚಿಗೆ ನಿಂತದ್ದು, ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ಹಲ್ಲುಗಾಲಿ ಟಕ್ ಎನ್ನುತ್ತದೆ, ಒಂದೊಂದು ಟಕ್ಕಿಗೂ ಎತ್ತಿದ ಕಾಲು ಒಂದೊಂದು ನೂಲಿನಷ್ಟು ಇಳಿಯುತ್ತದೆ. ಊಂ ಅನ್ನು ಕಣಮ್ಮಿ, ಕೇಳೋರು ಊಂ ಅನ್ನದಿದ್ರೆ ಕತೆ ಎಂಗೆ ಮುಂದ್ಕೋಯ್ತದೆ, ಅಜ್ಜಿಯ ಕಟ್ಟಳೆ ಅದು, ಏಳು ವರ್ಷದ ನಾಗಶ್ರೀ ಹೂಂ ಹೂಂ ಎನ್ನುತ್ತಲೇ ಸರಿಯಾಗಿ ಎತ್ತು ಕಾಲೆತ್ತಿದ ಜಾಗದಲ್ಲಿ ನಿದ್ದೆಹೋದಳು, ಬೆಳಿಗ್ಗೆ ಎದ್ದು ಆಮೇಲೆ ಏನಾಯ್ತಜ್ಜಿ ಎಂದರೆ ಅಜ್ಜಿ ಮುದ್ದೆ ತಿರುವುತ್ತ, ಆಗೋದೇನು, ನೀ ಗೊರ್ಕೆ ಒಡ್ದೆ, ಅದು ಅಲ್ಲೇ ನಿಂತ್ಕತು, ಪಾಪ, ಕಾಲು ಜೋಮು ಇಡ್ದಿರ್ತದೆ. ಆಮೇಲೆ ಎಷ್ಟು ಗೋಗರೆದರೂ ಹೇಳಲಿಲ್ಲ, ಮಳವಳ್ಳಿ ಕಾಲೇಜಿನಿಂದ ಬಂದು ಬೆಳಕವಾಡಿಯಲ್ಲಿ ಬಸ್ಸಿಳಿದವಳಿಗೂ ಜಗಲಿಯಿಂದಲೇ ಕೂಗು, ಎತ್ತು ಇನ್ನೂ ನಿಂತದೆ ಕಣಮ್ಮಿ, ನಾನೇ ದಾಟಿಸ್ತೀನಿ ಬುಡಜ್ಜಿ, ದಾಟ್ಸು ಮತ್ತೆ, ಮಾತ್ ಕೊಟ್ಟಿದ್ದೀಯೆ. ಹೋದ ಆಷಾಢದ ಒಂದು ಬೆಳಿಗ್ಗೆ ಅಜ್ಜಿಯ ಬಲಗೈ ಬಿದ್ದುಹೋಯಿತು, ಮಾತು ನಿಂತಿತು, ಕಣ್ಣು ಸೂರಿನಲ್ಲಿ ನೆಟ್ಟಿತು, ಕರೆದರೆ ತಿರುಗುವುದಿಲ್ಲ, ತುತ್ತಿಟ್ಟರೆ ನುಂಗುತ್ತಾಳೆ, ಅಷ್ಟೆ, ಅವ್ವಂಗೆ ಏನೂ ತಿಳಿಯಕಿಲ್ಲ, ಸುಮ್ಕೆ ಯಾಕೆ ಮಾತಾಡಿಸ್ತೀರಿ ಎಂದ ಚಿಕ್ಕಪ್ಪ. ತಿಳಿಯುತ್ತದೆ. ತಿಳಿಯುತ್ತದೋ? ಬಾಯಿಗೆ ಬಾರದ ಹೂಂ ಕೈಗೆ ಬಂದೀತು, ಅದಕ್ಕೇ ಈ ಪೆಟ್ಟಿಗೆ, ಅದಕ್ಕೇ ಈ ಹಿಡಿ.

ಮೂರು ತಿಂಗಳು ಬೀದಿಕೊನೆಯ ನಾಗಯ್ಯನ ಚಪ್ಪರದಲ್ಲಿ ಕೂತಳು, ಒಂದು ಕಾಲಕ್ಕೆ ಊರಿನ ಗಾಡಿಗಳಿಗೆಲ್ಲ ಗಾಲಿ ಮಾಡಿದ ಮುದುಕ, ಡಿಗ್ರಿ ಓದಿದೋಳ್ಗೆ ಉಳಿ ಯಾಕವ್ವ ಎಂದು ನಕ್ಕವನೇ ಉಳಿ ಹಿಡಿಸಿದ, ಮರದ ಎಳೆ ಯಾವ ಕಡೆ ಓಯ್ತದೆ ನೋಡು, ಅದ್ರ ಜೊತೆ ಓಗು, ಜಗಳ ಆಡ್ಬೇಡ. ಮೊದಲ ವಾರ ಅಂಗೈಗೆ ಬೊಬ್ಬೆ, ಎರಡನೆಯ ವಾರ ಬೊಬ್ಬೆ ಒಡೆಯಿತು, ಮೂರನೆಯ ವಾರದ ಒಂದು ಮಧ್ಯಾಹ್ನ ಉಳಿ ತಾನಾಗಿಯೇ ಹೋಯಿತು, ಹಲಸಿನ ಹಳದಿ ಸುರುಳಿ ಸುರುಳಿಯಾಗಿ ಎದ್ದು ಮಡಿಲಿಗೆ ಬಿತ್ತು, ಅವಳು ಊಟ ಮರೆತಳು, ಹೆಸರು ಮರೆತಳು, ಮರದೊಳಗಿಂದ ಎತ್ತಿನ ಕಿವಿ ಮೊದಲು ಬಂತು, ಆಮೇಲೆ ಬೆನ್ನ ಮೇಲಿನ ಇಣಿ, ಆಮೇಲೆ ಆ ಕಾಲು, ಇಷ್ಟು ದಿನ ತನ್ನ ಕೈಗಳು ಎಲ್ಲಿದ್ದವು, ಬರೀ ಫೋನು ಹಿಡಿಯಲು ಇದ್ದವೇ? ಹಿಡಿಯನ್ನು ಅಜ್ಜಿಯ ಒನಕೆಯಿಂದ ಮಾಡಿದಳು, ಆ ಅಂಗೈಗೆ ಗೊತ್ತಿರುವ ಮರ. ಅಜ್ಜಿಗೆ ಆಡುವುದು ಎಡಗೈ, ಆದ್ದರಿಂದ ಹಿಡಿ ಎಡಕ್ಕೆ, ಎಡಕ್ಕೆ, ಮರೆಯಬಾರದೆಂದು ಹಲಗೆಯ ಮೇಲೆ ಸೀಸಕಡ್ಡಿಯಲ್ಲಿ ಎಡ ಎಂದು ಬರೆದೇ ಇಟ್ಟಳು — ಬರೆದದ್ದು ಪೆಟ್ಟಿಗೆಯ ಹಿಂದೆ ಕೂತು, ಹಲ್ಲುಗಾಲಿ ಕಾಣುವುದು ಹಿಂದಿನಿಂದಲೇ, ಮೂರು ತಿಂಗಳೂ ಹಿಂದೆಯೇ ಕೂತಿದ್ದಳು. ಇವತ್ತು ಎರಡೂವರೆಗೆ ತಂದು ಅಜ್ಜಿಯ ಮಂಚದ ಮೇಲಿಟ್ಟಳು, ಎತ್ತಿನ ಮುಖ ಅಜ್ಜಿಯ ಕಡೆಗೆ ತಿರುಗಿಸಿದಳು, ಅಜ್ಜಿಯ ಎಡಗೈ ಎದ್ದಿತು, ತಾನಾಗಿ ಎದ್ದಿತು, ಬಂದು ಹಲಗೆಯನ್ನು ಸವರಿತು, ಮೇಲಕ್ಕೆ, ಕೆಳಕ್ಕೆ, ಬರೀ ಹಲಗೆ, ಹಿಂದಿನಿಂದ ಎಡವಾಗಿದ್ದ ಹಿಡಿ ಈಗ ಅತ್ತ ಬಲಗಡೆ ಅಣಕಿಸುತ್ತ ನಿಂತಿತ್ತು, ಕೈ ಬಿದ್ದಿತು, ಕಣ್ಣು ಮತ್ತೆ ಸೂರಿಗೆ ಹೋಯಿತು. ತಿರುಗ್ಸಿ ಮಡಗು ಅಷ್ಟೆ ಎಂದಳು ನಾಗಶ್ರೀಯ ಅವ್ವ, ತಿರುಗಿಸಿದರೆ ಅಜ್ಜಿ ಎತ್ತಿನ ಬಾಲ ನೋಡ್ಬೇಕಾ ಅವ್ವ! ಎತ್ತಿಕೊಂಡು ಚಪ್ಪರಕ್ಕೆ ಓಡಿದಳು.

ಹತ್ತೂರ್ನಲ್ಲಿ ಯಾರೂ ಮಾಡ್ದಿರೋ ತಪ್ಪು ಮಾಡಿದ್ದೀಯಲ್ಲವ್ವ ಎಂದ ನಾಗಯ್ಯ, ಬೈಯಲಿಲ್ಲ, ಹಲಗೆಗೆ ಉಗುರಿನಿಂದ ತಟ್ಟಿ ಸದ್ದು ಕೇಳಿದ, ಹಿಡಿ ಕೂತಿರೋ ಅಚ್ಚು ತೆಗ್ದು ತಿರುವಾಕು, ಗಾಲಿ ನಡುಮಧ್ಯೆ ಅದೆ, ನಿನ್ನ ಪುಣ್ಯ, ಇತ್ತ ಕಡೆ ಒಂದು ತೂತು ಕೊರಿ, ಆದ್ರೆ ಇಲ್ಲಿ ಗಂಟದೆ ನೋಡು, ಅವಸ್ರ ಬಿದ್ರೆ ಸೀಳ್ತದೆ, ಸೀಳಿದ್ರೆ ನಾನೂ ಏನೂ ಮಾಡಕ್ಕಾಗಕಿಲ್ಲ. ಮಿಷನ್ನು ಇದೆ, ಕರೆಂಟಿಲ್ಲ, ಆದ್ದರಿಂದ ಬೈರಿಗೆ, ಅರ್ಧ ಸುತ್ತು, ಊದು, ಅರ್ಧ ಸುತ್ತು, ನೀವೇ ಕೊರೀರಿ ನಾಗಯ್ಯಣ್ಣ ಎಂದರೆ ಮಾತು ಕೊಟ್ಟೋರು ಯಾರು, ನಾನಾ? ಅರ್ಧ ಸುತ್ತು, ಗಂಟಿನ ಅಂಚು ಬಂತು, ಮರದ ದನಿ ಬದಲಾಯಿತು, ಕಿರ್ ಎಂದದ್ದು ಕುಯ್ ಎಂದಿತು, ಜೊತೆ ಹೋಗು, ಜಗಳ ಆಡಬೇಡ, ದೂರದಲ್ಲಿ ಹಾರನ್ನು, ಬಸ್ಸಿನದೋ ಕಾರಿನದೋ, ಅರ್ಧ ಸುತ್ತು, ಕೂದಲೆಳೆಯಷ್ಟು ಬಿರುಕು ಕಂಡಿತು, ಕಂಡಿತೇ, ಕಣ್ಣು ಮುಚ್ಚಿದಳು, ಮುಚ್ಚಿದ ಕಣ್ಣೊಳಗೆ ಬಿಳಿ ಮುಂಗಾಲು ನೀರಿನ ಮೇಲೆ ಹಾಗೇ ಇದೆ, ಜೋಮು ಹಿಡಿದಿದೆ, ಕಾಲು ಗಂಟೆಯೋ ಹದಿನೈದು ವರ್ಷವೋ, ಅರ್ಧ ಸುತ್ತು — ಬೈರಿಗೆ ಹಗುರಾಯಿತು. ಆಚೆಯಿಂದ ಬೆಳಕು. ಬಿರುಕು ಗಂಟಿನ ಬಳಿಯೇ ನಿಂತಿದೆ. ನಿಂತ್ಕತು, ಓಡು ಓಡು ಎಂದ ನಾಗಯ್ಯ, ಅಚ್ಚು ಕೂರಿಸಿದ್ದು, ಹಿಡಿ ಬಡಿದದ್ದು, ಬೀದಿ ದಾಟಿದ್ದು ಯಾವುದೂ ಅವಳಿಗೆ ನೆನಪಿಲ್ಲ.

ಕಾರು ಬಾಗಿಲಲ್ಲಿದೆ, ಇಂಜಿನ್ನು ಆರಿಸಿಲ್ಲ, ಅಜ್ಜಿಯನ್ನು ಮಂಚದ ಅಂಚಿಗೆ ಕೂರಿಸಿದ್ದಾರೆ, ಮೈಗೆ ಶಾಲು, ಇದೇನಮ್ಮ ಆಟದ ಸಾಮಾನು ಈಗ, ಕತ್ಲಾಗ್ತದೆ ಎನ್ನುತ್ತಾನೆ ಚಿಕ್ಕಪ್ಪ, ಒಂದು ನಿಮಿಷ ಚಿಕ್ಕಪ್ಪ, ಅಜ್ಜೀ, ಅಜ್ಜೀ ಎತ್ತು. ಕೈ ಏಳುವುದಿಲ್ಲ. ಒಮ್ಮೆ ಮೋಸಹೋದ ಕೈ ಯಾಕೆ ಎದ್ದೀತು, ಅವಳು ಆ ಕೈಯನ್ನು ಎತ್ತಿ ಹಲಗೆಗೆ ತಾಗಿಸಿ ಬಿಡುತ್ತಾಳೆ, ಕೈ ಸವರುತ್ತದೆ, ಮೇಲಕ್ಕೆ, ಕೆಳಕ್ಕೆ, ಒನಕೆಯ ಮರ ಸಿಗುತ್ತದೆ, ಬೆರಳು ಒಂದೊಂದಾಗಿ ಮಡಿಯುತ್ತವೆ. ಟಕ್. ಕಾಲು ಒಂದು ನೂಲು ಇಳಿಯಿತು. ಕೈ ನಿಂತಿತು. ಯಾಕೆ ನಿಂತಿತು, ಸುಸ್ತೋ, ಅಚ್ಚು ಸಿಕ್ಕಿತೋ, ಬಿರುಕು ಬಾಯಿಬಿಟ್ಟಿತೋ — ಸಾಕು ಏಳವ್ವ, ಓಗನ, ಎನ್ನುತ್ತಾನೆ ಚಿಕ್ಕಪ್ಪ — ಅಜ್ಜಿಯ ಕಣ್ಣು ಸೂರಿನಲ್ಲಿಲ್ಲ, ಎತ್ತಿನ ಮೇಲೂ ಇಲ್ಲ, ನಾಗಶ್ರೀಯ ಮೇಲಿದೆ, ಹುಬ್ಬು ಏರಿದೆ, ಅದೇ ಹುಬ್ಬು, ತೂಕಡಿಸುವ ಮೊಮ್ಮಗಳನ್ನು ತಿವಿಯುತ್ತಿದ್ದ ಹುಬ್ಬು, ಅಯ್ಯೋ, ಹೂಂ ಅನ್ನಬೇಕಾದವಳು ಅಜ್ಜಿಯಲ್ಲ, ಕತೆ ಹೇಳುತ್ತಿರುವವಳು ಅಜ್ಜಿ — ಹೂಂ, ಎನ್ನುತ್ತಾಳೆ ನಾಗಶ್ರೀ. ಟಕ್. ಹೂಂ. ಟಕ್. ಇಂಜಿನ್ನು ಯಾರೋ ಆರಿಸಿದರು. ಹೂಂ, ಅಜ್ಜಿ, ಹೂಂ, ನಿದ್ದೆ ಬಂದಿಲ್ಲ, ಹೂಂ. ಟಕ್. ಬಿಳಿ ಮುಂಗಾಲು, ನೀಲಿ ಬಳಿದ ನೀರು, ಇನ್ನೊಂದು ನೂಲು, ಹೂಂ, ಟಕ್, ನೀರಿನ ಮೇಲೆ, ನೀರಿನೊಳಗೆ, ಕೆಳಗೆ, ಕಾಲು.